ಬಲಗಿವಿಯ ಮೇಲಿನ ಮೆತ್ತನೆಯ ಜಾಗ

ಕೆಮ್ಮಿದರೆ ನನ್ನ ಬಲಗಿವಿಯ ಮೇಲಿನ ಚರ್ಮ ಒಮ್ಮೆ ಉಬ್ಬಿ ಮತ್ತೆ ಒಳಕ್ಕೆ ಹೋಗುತ್ತಿತ್ತು. ಸೀನಿದರೆ ಇನ್ನೂ ಜೋರು. ಎದ್ದು ಕೂತರೆ ಅದೇ ಜಾಗ ತಗ್ಗಾಗಿ, ಬೆರಳಿಟ್ಟರೆ ನಾಡಿ ಸಿಗುತ್ತಿತ್ತು. ಬೆರಳಿಡಬಾರದು ಎಂದು ಹೇಳಿದ್ದರು. ನಾನು ಇಡುತ್ತಿದ್ದೆ. ಅವ್ವ ಅಡುಗೆಮನೆಯಲ್ಲಿದ್ದಾಗ, ಒಂದೇ ಬೆರಳು, ಒತ್ತದೆ.

ಅಲ್ಲಿ ಎಲುಬಿರಲಿಲ್ಲ. ಮಿದುಳಿಗೆ ಬಾವು ಬಂದಿತ್ತು, ಅದಕ್ಕೆ ಜಾಗ ಬೇಕಾಗಿತ್ತು. ಅಂಗೈಯಗಲದ ಒಂದು ತುಂಡು ತೆಗೆದು, ಹೊಕ್ಕುಳಿನ ಪಕ್ಕದಲ್ಲಿ ಹೊಟ್ಟೆಯ ಚರ್ಮದ ಕೆಳಗಿಟ್ಟು ಹೊಲಿದಿದ್ದರು. ಬಾವು ಇಳಿದ ಮೇಲೆ ವಾಪಸ್ ಕೂರಿಸುತ್ತೇವೆ, ಅಲ್ಲಿಯವರೆಗೆ ಆ ಬದಿಗೆ ಪೆಟ್ಟು ಬೀಳಬಾರದು, ಬಿದ್ದರೆ ತಡೆಯಲು ಅಲ್ಲಿ ಏನೂ ಇಲ್ಲ ಎಂದರು. ವೈದ್ಯಕೀಯ ವಿಷಯ ನಾನು ಬರೆಯುವುದು ಇಷ್ಟೇ. ಉಳಿದದ್ದು ಹುಡುಕಿದರೆ ಸಿಗುತ್ತದೆ. ತಲೆಯ ಒಂದು ಬದಿ ತೆರೆದಿಟ್ಟುಕೊಂಡು ಮನೆಯಲ್ಲಿ ದಿನ ಕಳೆಯುವುದು ಹೇಗೆ ಎನ್ನುವುದು ಮಾತ್ರ ನಾನು ಹುಡುಕಿದಾಗ ಎಲ್ಲೂ ಸಿಗಲಿಲ್ಲ. ಅದನ್ನು ಬರೆಯುತ್ತೇನೆ.

ನಾನು ಖೋ ಖೋ ಆಡುತ್ತಿದ್ದೆ. ಮುಂಬೈಯ ದಹಿಸರ್‌ನ ಒಂದು ಕ್ರೀಡಾ ಮಂಡಳದ ತಂಡಕ್ಕೆ, ಶಾಲೆಯ ದಿನಗಳಿಂದ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದ ಹುಡುಗಿ ಸಂಜೆಯಾದರೆ ಮಣ್ಣಿನಲ್ಲಿ ಹೊರಳಾಡಿ ಬರುವುದು ಬಿಲ್ಡಿಂಗಿನವರಿಗೆ ವಿಚಿತ್ರವಾಗಿ ಕಾಣುತ್ತಿತ್ತು. ಹೆಚ್ಚು ಮಾತಾಡದ ನನಗೆ ಆ ಆಟ ಹಿಡಿಸಿದ್ದು ಬಹುಶಃ ಅದರಲ್ಲಿ ಒಂದೇ ಮಾತು ಇರುವುದರಿಂದ. ಬೆನ್ನಿಗೆ ಕೈ ತಾಗಬೇಕು, ಕಿವಿಗೆ 'ಖೋ' ಬೀಳಬೇಕು, ಏಳಬೇಕು. ಯೋಚನೆಗೆ ಸಮಯವಿಲ್ಲ. ಆ ದಿನ ಖೋ ಕೊಟ್ಟವಳು ಪ್ರಾಜಕ್ತಾ. ಎದುರಿನವಳು ಕಂಬದ ಹತ್ತಿರ ಇದ್ದಳು. ನಾನು ಎದ್ದು ಕಂಬಕ್ಕೆ ಹಾರಿ, ಒಂದು ಕೈಯಲ್ಲಿ ಅದನ್ನು ಹಿಡಿದು ಇನ್ನೊಂದು ಕೈಯಿಂದ ಅವಳನ್ನು ಮುಟ್ಟಬೇಕಿತ್ತು. ಸಾವಿರ ಸಲ ಮಾಡಿದ ಕೆಲಸ. ಕೈ ಜಾರಿತು, ತಲೆ ಕಂಬಕ್ಕೆ ಹೋಯಿತು. ಇದೆಲ್ಲ ಬೇರೆಯವರು ಹೇಳಿದ್ದು. ನನಗೆ ನೆನಪಿರುವುದು ಬೆಳಿಗ್ಗೆ ಶೂ ದಾರ ಕಟ್ಟಿದ್ದು, ಆಮೇಲೆ ಐಸಿಯುವಿನಲ್ಲಿ ನನ್ನ ಎಡಗೈಯನ್ನು ಯಾರದೋ ಕೈ ಎಂದುಕೊಂಡು ಸರಿಸಲು ನೋಡಿದ್ದು.

ನಮ್ಮದು ಒಂದು ಕೋಣೆ, ಒಂದು ಅಡುಗೆಮನೆ. ಅಪ್ಪ ಅಂಧೇರಿಯ ಒಂದು ಟ್ರಾನ್ಸ್‌ಪೋರ್ಟ್ ಕಚೇರಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತಾರೆ. ವಿಜಯಪುರದಿಂದ ಬಂದು ಇಲ್ಲೇ ನೆಲೆಯಾದವರು. ಆಸ್ಪತ್ರೆಯಿಂದ ನನ್ನನ್ನು ಕರೆತರುವ ಮೊದಲು ಅವ್ವ ಮನೆಯನ್ನೆಲ್ಲ ಕೈಯಿಂದ ಸವರಿ ನೋಡಿದ್ದಳಂತೆ. ಕಪಾಟಿನ ಮೂಲೆ, ಅಡುಗೆಕಟ್ಟೆಯ ಅಂಚು, ಕಿಟಕಿಯ ಚೌಕಟ್ಟು, ಮೇಜು, ಬಾತ್‌ರೂಮಿನ ನಲ್ಲಿ. ಊರಿಂದ ತಂದ ಎರಡು ಕೌದಿಗಳನ್ನು ಕತ್ತರಿಸಿ, ಎಲ್ಲದಕ್ಕೂ ಒಂದೊಂದು ಕುಲಾವಿ ಹೊಲಿದು ತೊಡಿಸಿದ್ದಳು. ಅವು ಅವಳ ತಾಯಿ ಹೊಲಿದ ಕೌದಿಗಳು. ನಾನು ಒಳಗೆ ಬಂದು ನಿಂತಾಗ ಕಪಾಟಿನ ಮೂಲೆಯಲ್ಲಿ ಅಜ್ಜಿಯ ಹಸಿರು ಸೀರೆಯ ತುಂಡು ಕಂಡಿತು.

"ಕೌದಿ ಯಾಕ ಕತ್ತರಿಸಿದಿ ಅವ್ವ?"

"ಹೊತಗೊಂಡ ಮಲಗಾಕ ಇಲ್ಲೇನ್ ಥಂಡಿ ಐತಿ? ಮುಂಬೈದಾಗ."

ಅಪ್ಪ ಕ್ರೀಡಾ ಸಾಮಾನಿನ ಅಂಗಡಿಯಿಂದ ಮಕ್ಕಳು ಸ್ಕೇಟಿಂಗ್‌ಗೆ ಹಾಕುವ ಕೆಂಪು ಹೆಲ್ಮೆಟ್ ತಂದರು. ಅದರೊಳಗೆ ಅವ್ವ ಹತ್ತಿಯ ಅಸ್ತರು ಹೊಲಿದಳು. ನಿಯಮ ಒಂದೇ. ಕಾಲು ನೆಲಕ್ಕೆ ತಾಗುವ ಮೊದಲು ಹೆಲ್ಮೆಟ್ ತಲೆಗೆ ತಾಗಬೇಕು. ಎಡಗಾಲಿನಲ್ಲಿ ಬಲವಿರಲಿಲ್ಲ, ಎಡಗೈ ಹೇಳಿದ್ದಕ್ಕೆ ತಡವಾಗಿ ಓಗೊಡುತ್ತಿತ್ತು. ವಾರಕ್ಕೊಮ್ಮೆ ಬರುತ್ತಿದ್ದ ಫಿಸಿಯೋ ಕುರ್ಚಿಯಿಂದ ಏಳುವುದನ್ನು ಕಲಿಸುತ್ತಿದ್ದರು. ನಾನು ಎರಡೂ ಕೈಯೂರಿ, ಎಡಗಾಲಿಗೆ ಮನಸ್ಸಿನಲ್ಲಿ ಹೇಳಿ, ಕಾದು, ಅರ್ಧ ಎದ್ದು, ಕುಸಿಯುತ್ತಿದ್ದೆ. ಫಿಟ್ಸ್ ಬರದಂತೆ ಬೆಳಿಗ್ಗೆ ಸಂಜೆ ಮಾತ್ರೆ. ಅದರ ಮಂಪರು ಬೇರೆ.

ಜನ ಬರುತ್ತಿದ್ದರು. ಎಲ್ಲರೂ ನನ್ನ ಕಣ್ಣಿಗಿಂತ ಎರಡು ಬೆರಳು ಮೇಲೆ ನೋಡುತ್ತ ಮಾತಾಡುತ್ತಿದ್ದರು. ಚೆಂಬೂರಿನಿಂದ ಅಪ್ಪನ ತಂಗಿ, ನಮ್ಮ ಅತ್ತಿ, ಬಂದವಳು ಚಹಾ ಕಪ್ಪು ಹಿಡಿದುಕೊಂಡೇ ಶುರು ಮಾಡಿದಳು.

"ಹೆಣ್ಣ ಹುಡುಗಿಗೆ ಓಡೂದು ಬೀಳೂದು ಯಾಕ ಬೇಕಾಗಿತ್ತಂತೀನಿ ವೈನಿ. ಕೇರಂ ಆಡಬೇಕಿತ್ತು."

"ಕೇರಂ ಬೋರ್ಡಿನ ಮ್ಯಾಲೆ ಬಿದ್ರೂ ತಲಿ ಒಡೀತೈತಿ. ನೀ ಚಾ ಕುಡಿ, ಆರತೈತಿ."

"ಅಲ್ಲ, ನಾಳೆ ಗಂಡಿನ ಕಡೆಯವ್ರು ಕೇಳಿದ್ರ ಏನ್ ಹೇಳ್ತೀರಿ?"

"ತಲಿ ಹೊಟ್ಟ್ಯಾಗ ಇಟ್ಟಾಳ, ಜೋಪಾನ ಅಂತ ಹೇಳ್ತೀನಿ."

ಅವ್ವ ನಗಲಿಲ್ಲ. ಅತ್ತಿಗೂ ನಗಬೇಕೋ ಬೇಡವೋ ತಿಳಿಯಲಿಲ್ಲ. ಗೋಡೆಯ ಕಡೆ ತಿರುಗಿದ್ದ ಅಪ್ಪನ ಬೆನ್ನು ಮಾತ್ರ ಅಲುಗುತ್ತಿತ್ತು. ಆಮೇಲೆ ಅದು ಮನೆಯ ಮಾತಾಯಿತು. ನಾನು ತಟ್ಟೆ ಸರಿಸಿದರೆ ಅಪ್ಪ ಅನ್ನುತ್ತಿದ್ದರು, "ಇನ್ನೆರಡು ತುತ್ತು ಉಣ್ಣು ತಾಯಿ. ಬುದ್ಧಿ ಅಲ್ಲೇ ಐತಿ, ಅದಕ್ಕೂ ಹಸಿವಿ ಆಗತೈತಿ."

ನಗುವಿನ ಹಿಂದೆ ಏನಿತ್ತೆಂದು ಮೂವರಿಗೂ ಗೊತ್ತಿತ್ತು. ಹೊಟ್ಟೆಯ ಗಾಯಕ್ಕೆ ಸೋಂಕಾದರೆ ಎಲುಬು ಹೋಯಿತು. ಜಾರಿದರೆ ತಲೆ ಹೋಯಿತು. ಅವ್ವ ನನ್ನನ್ನು ಬಾತ್‌ರೂಮಿಗೆ ಕರೆದೊಯ್ಯುವಾಗ ಉಸಿರು ಬಿಗಿಹಿಡಿಯುತ್ತಿದ್ದಳು. ವಾಪಸ್ ಹಾಸಿಗೆಗೆ ಬಂದ ಮೇಲೆ ಬಿಡುತ್ತಿದ್ದಳು. ನಾನು ಅದನ್ನು ಕೇಳಿಸಿಕೊಳ್ಳುತ್ತಿದ್ದೆ. ಯಾರದೋ ಉಸಿರನ್ನು ನಾನು ತಡೆದಿಟ್ಟಿದ್ದೇನೆ ಎಂಬುದು ತಲೆನೋವಿಗಿಂತ ಹೆಚ್ಚು ಬಳಲಿಸುತ್ತಿತ್ತು.

ಆ ದಿನಗಳಲ್ಲಿ ನನಗೆ ಸ್ವಲ್ಪ ಹಗುರವೆನಿಸುತ್ತಿದ್ದದ್ದು ವಿಲೆ ಪಾರ್ಲೆಯ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ. ಅಲ್ಲಿ ಬೆಂಚಿನ ಮೇಲೆ ನನ್ನಂಥವರೇ ಕೂತಿರುತ್ತಿದ್ದರು. ಒಬ್ಬರಿಗೆ ಎಡಗಡೆ ತಗ್ಗು, ಒಬ್ಬರಿಗೆ ಹಣೆಯ ಮೇಲೆ. ಟೋಪಿ, ಸ್ಕಾರ್ಫ್, ದುಪಟ್ಟಾ ಯಾವುದಿದ್ದರೂ ನಾವು ಒಬ್ಬರನ್ನೊಬ್ಬರು ಗುರುತಿಸುತ್ತಿದ್ದೆವು. ಒಮ್ಮೆ ಗಂಡನನ್ನು ಕರೆತಂದಿದ್ದ ಹೆಂಗಸೊಬ್ಬಳು ಪಕ್ಕಕ್ಕೆ ಸರಿದು ಹಿಂದಿಯಲ್ಲಿ ಕೇಳಿದಳು, "ನಿಮ್ಮದು ಎಲ್ಲಿಟ್ಟಿದ್ದಾರೆ?"

"ಹೊಟ್ಟೆಯಲ್ಲಿ."

"ಇವರದು ಫ್ರಿಜ್‌ನಲ್ಲಿ," ಎಂದು ಗಂಡನ ಕಡೆ ಗದ್ದ ತೋರಿಸಿದಳು. "ನಿಮ್ಮದೇ ಒಳ್ಳೆಯದು. ಕರೆಂಟ್ ಹೋಗುವ ಚಿಂತೆಯಿಲ್ಲ."

ಗಂಡ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಆದರೆ ಅವನ ಕಣ್ಣು ನಕ್ಕಿತು. ನಾನು ವಾರಗಳ ನಂತರ ನಕ್ಕಿದ್ದೆ. ಕೆಮ್ಮಿದಾಗಿನಂತೆ ನಕ್ಕಾಗಲೂ ಆ ಜಾಗ ಉಬ್ಬುತ್ತದೆಂದು ಆವತ್ತು ತಿಳಿಯಿತು.

ತಂಡದ ಹುಡುಗಿಯರು ಬರುವುದಾಗಿ ಹೇಳಿ ಕಳಿಸುತ್ತಲೇ ಇದ್ದರು. ಅವ್ವ ಏನಾದರೊಂದು ನೆಪ ಹೇಳಿ ಮುಂದಕ್ಕೆ ಹಾಕುತ್ತಿದ್ದಳು. ಪ್ರಾಜಕ್ತಾ ನನಗೆ ದಿನವೂ ಒಂದು ಮೆಸೇಜ್ ಕಳಿಸುತ್ತಿದ್ದಳು. ಪ್ರ್ಯಾಕ್ಟೀಸಿನ ಸುದ್ದಿ, ಯಾರು ಯಾರ ಜೊತೆ ಮಾತು ಬಿಟ್ಟರು ಎಂಬುದು. ರಾಜ್ಯ ತಂಡದ ಆಯ್ಕೆ ಹತ್ತಿರವಿತ್ತು, ಕರೆದವರ ಪಟ್ಟಿಯಲ್ಲಿ ಅವಳ ಹೆಸರು ಇತ್ತು. ಆ ಖೋ ಬಗ್ಗೆ ಅವಳು ಒಂದಕ್ಷರ ಬರೆದಿರಲಿಲ್ಲ. ನಾನೂ ಕೇಳಿರಲಿಲ್ಲ. ಒಂದು ಭಾನುವಾರ ಅಪ್ಪ ಚೆಂಬೂರಿಗೆ ಹೋಗಿದ್ದಾಗ, ಬಾಗಿಲಿಗೇ ಬಂದು ನಿಂತ ಮೂವರನ್ನು ವಾಪಸ್ ಕಳಿಸಲು ಅವ್ವನಿಗೆ ಆಗಲಿಲ್ಲ.

ಆಗ ನಾನು ಮಂಚದ ಪಕ್ಕದಲ್ಲಿ, ಕಿಟಕಿಗೆ ಮುಖಮಾಡಿ ಸ್ಟೂಲ್ ಮೇಲೆ ಕೂತಿದ್ದೆ. ಹೆಲ್ಮೆಟ್ಟಿನ ಅಸ್ತರು ಒಗೆದು ಗ್ರಿಲ್‌ಗೆ ಹಾಕಿತ್ತು, ಹಾಗಾಗಿ ತಲೆ ಬರಿದಾಗಿತ್ತು. "ಎದ್ದೀ ಮತ್ತ," ಎಂದು ಎಚ್ಚರಿಸಿ ಅವ್ವ ಚಹಾ ಇಡಲು ಒಳಗೆ ಹೋದಳು. ಇಬ್ಬರು ಹುಡುಗಿಯರು ಮಂಚದ ಮೇಲೆ ಕೂತು, ಕೋಚ್ ಸರ್ ಕೊಟ್ಟು ಕಳಿಸಿದ ಗಿಣ್ಣದ ಡಬ್ಬಿ ತೆಗೆದರು. ಮೊದಲ ಕ್ಷಣ ಎಲ್ಲರೂ ನನ್ನ ತಲೆ ನೋಡಿದರು. ಆಮೇಲೆ ಒಬ್ಬಳು, "ಅಯ್ಯೋ, ಹೇರ್‌ಕಟ್‌ಗೆ ಎಷ್ಟು ತಗೊಂಡ್ರು?" ಅಂದಳು. ಕೋಣೆ ಸಡಿಲವಾಯಿತು. ಚಪ್ಪಲಿ ಬಿಡುತ್ತ ಕೊನೆಗೆ ಒಳಬಂದ ಪ್ರಾಜಕ್ತಾಳಿಗೆ ಕೂರಲು ಜಾಗವಿರಲಿಲ್ಲ.

ಇಲ್ಲಿ ನಮ್ಮ ತಂಡದ ಒಂದು ಪದ್ಧತಿ ಹೇಳಬೇಕು. ಮ್ಯಾಚಿಗೆ ನಾವು ಲೋಕಲ್ ಟ್ರೇನಿನಲ್ಲಿ ಓಡಾಡುತ್ತಿದ್ದೆವು. ಲೇಡೀಸ್ ಡಬ್ಬಿಯಲ್ಲಿ ಇಡೀ ತಂಡಕ್ಕೆ ಸಿಗುತ್ತಿದ್ದದ್ದು ಒಂದೋ ಎರಡೋ ಸೀಟು. ನಿಂತವಳಿಗೆ ಸಾಕಾದಾಗ ಕೂತವಳ ಬೆನ್ನು ಮುಟ್ಟಿ 'ಖೋ' ಅನ್ನಬೇಕು. ಕೂತವಳು ನಿದ್ದೆಯಲ್ಲಿದ್ದರೂ ಮರುಮಾತಾಡದೆ ಏಳಬೇಕು, ಖೋ ಕೊಟ್ಟವಳು ಆ ಜಾಗದಲ್ಲಿ ಕೂರಬೇಕು. ಮೈದಾನದ ನಿಯಮವೇ. ಬೋರಿವಲಿಯಿಂದ ದಾದರ್ ಮುಟ್ಟುವಷ್ಟರಲ್ಲಿ ಎಲ್ಲರೂ ಒಂದೊಂದು ಸಲ ಕೂತು ಎದ್ದಿರುತ್ತಿದ್ದೆವು. ಡಬ್ಬಿಯ ಬೇರೆ ಹೆಂಗಸರು ಕೂಡ ನಮ್ಮನ್ನು ನೋಡಿ ಒಬ್ಬರಿಗೊಬ್ಬರು ಖೋ ಕೊಟ್ಟುಕೊಂಡದ್ದುಂಟು. ಅದು ಆಟವೂ ಅಲ್ಲ, ತಮಾಷೆಯೂ ಅಲ್ಲ, ನಮಗೆ ರೂಢಿಯಾಗಿ ಹೋಗಿತ್ತು.

ಪ್ರಾಜಕ್ತಾ ನನ್ನ ಹಿಂದೆ ಬಂದು, ಬೆನ್ನಿಗೆ ಎರಡು ಬೆರಳು ತಾಗಿಸಿ, ಮೆಲ್ಲಗೆ ಅಂದಳು, "ಖೋ."

ಸೀಟಿಗಾಗಿ ಅಂದಿದ್ದಳು. ಬಹುಶಃ ನನ್ನನ್ನು ನಗಿಸಲೆಂದು. ಬಹುಶಃ ಅಷ್ಟು ದಿನ ಬಾಯಿಗೆ ಬರದೇ ಇದ್ದ ಮಾತನ್ನು ಹೀಗೆ ಹಗುರ ಮಾಡಿ ಹೊರಹಾಕಲೆಂದು. ನಾನು ಎದ್ದೆ.

ಎದ್ದೆ ಎನ್ನುವುದು ಸರಿಯಾದ ಪದವಲ್ಲ. ಫಿಸಿಯೋ ಎದುರು ಕೈಯೂರಿ ಬೇಡಿಕೊಂಡರೂ ಏಳದ ಮೈ ತಾನಾಗಿ ಸ್ಟೂಲ್ ಬಿಟ್ಟು ಮುಂದಕ್ಕೆ ಚಿಮ್ಮಿತು. ಎರಡೂ ಕಾಲು ನೆಲ ಒತ್ತಿದ್ದು ಗೊತ್ತಾಯಿತು. ಒಂದು ಹೆಜ್ಜೆ ಬಿತ್ತು. ಎರಡನೆಯದು ಎಡಗಾಲಿನದು, ಅದು ಮಡಚಿಕೊಂಡಿತು, ಮೈ ಅದರ ಮೇಲೆ ತಿರುಗಿತು, ಬಲಗಡೆ ಕೆಳಗಾಯಿತು. ಮಂಚದ ಕೆಳಗಿನ ಕತ್ತಲೆ ನನ್ನ ಕಡೆ ಬರುತ್ತಿರುವುದನ್ನು ನೋಡಿದೆ. ಹಿಂದಿನಿಂದ ಏನೋ ನನ್ನನ್ನು ದಾಟಿ ಹೋಯಿತು. ಆಮೇಲೆ ಬಲಗಿವಿಯ ಮೇಲೆ ಪೆಟ್ಟು. ಗಟ್ಟಿ ಪೆಟ್ಟಲ್ಲ, ಮೆತ್ತನೆಯದು. ಕೌದಿ ಎಂದುಕೊಂಡೆ.

ಅವ್ವ ಬಂದಾಗ ನಾನು ನೆಲದ ಮೇಲಿದ್ದೆ, ಪ್ರಾಜಕ್ತಾ ನನ್ನ ಪಕ್ಕದಲ್ಲಿ ಮೊಣಕಾಲೂರಿದ್ದಳು. ಅವ್ವ ಕೂಗಲಿಲ್ಲ. ನನ್ನ ಬಲಗಡೆ ನೋಡಿದಳು, ಕಿವಿ ನೋಡಿದಳು, ಮೂಗು ನೋಡಿದಳು.

"ಯಾರು ಎಬ್ಬಿಸಿದ್ರು ಈಕೀನ?"

ಇಬ್ಬರು ಹುಡುಗಿಯರು ಮಂಚದಿಂದ ಎದ್ದು ನಿಂತರು.

"ಕೇಳಾಕತ್ತೀನಿ. ಯಾರು?"

"ಮೀ," ಅಂದಳು ಪ್ರಾಜಕ್ತಾ ಮರಾಠಿಯಲ್ಲಿ. ನಾನು, ಎಂದು.

"ಒಮ್ಮೆ ಎಬ್ಬಿಸಿದ್ದು ಸಾಲಲಿಲ್ಲೇನ ನಿನಗ?" ಅವ್ವನ ದನಿ ಏರಲಿಲ್ಲ. "ಹೋಗು. ಇನ್ನ ಈ ಮನಿಗೆ ಬರಬ್ಯಾಡ."

ಪ್ರಾಜಕ್ತಾಳಿಗೆ ಕನ್ನಡ ಬರುವುದಿಲ್ಲ. ಇದನ್ನು ತಿಳಿಯಲು ಕನ್ನಡ ಬೇಕಾಗಿರಲಿಲ್ಲ. ಅವಳು ಬಲಗೈಯನ್ನು ದುಪಟ್ಟಾದಲ್ಲಿ ಸುತ್ತಿಕೊಂಡು, ಚಪ್ಪಲಿಯನ್ನು ಎಡಗೈಯಲ್ಲಿ ಎತ್ತಿಕೊಂಡು ಹೋದಳು. ನಾನು ಏನಾದರೂ ಹೇಳಬೇಕಿತ್ತು. ಬಾಯಿಗೆ ಬರುವಷ್ಟರಲ್ಲಿ ಬಾಗಿಲು ಖಾಲಿಯಾಗಿತ್ತು.

ತಲೆಗೆ ಏನೇ ತಾಗಿದರೂ ತಕ್ಷಣ ಬನ್ನಿ ಎಂದಿದ್ದರು. ಕೆಳಗೆ ರಿಕ್ಷಾ ಸಿಕ್ಕಿತು. ಅವ್ವ ನನ್ನ ತಲೆಯನ್ನು ತನ್ನ ಎರಡು ಅಂಗೈಗಳ ನಡುವೆ, ಬಲಗಡೆ ಟೊಳ್ಳಾಗಿ ಹಿಡಿದು ಕೂತಳು. ರಿಕ್ಷಾದವನು ಕನ್ನಡಿಯಲ್ಲಿ ಒಮ್ಮೆ ನೋಡಿದ. ಹೈವೇಯ ಎಡಬದಿ ಹಿಡಿದು, ಹಿಂದಿನ ಬಸ್ಸುಗಳು ಹಾರ್ನ್ ಹೊಡೆದರೂ ಲೆಕ್ಕಿಸದೆ, ಪ್ರತಿ ಗುಂಡಿಗೂ ನಿಧಾನಿಸಿ ಇಳಿಸಿ ಹತ್ತಿಸಿದ. ಅವನ ಮುಖ ನನಗೆ ನೆನಪಿಲ್ಲ. ಅವ್ವ ದಾರಿಯುದ್ದಕ್ಕೂ ಒಂದೇ ಮಾತು ಹೇಳುತ್ತಿದ್ದಳು, ನನಗಲ್ಲ, ತನಗೇ. "ಕೌದಿ ಇತ್ತಲ್ಲ. ಅಡ್ಡ ಕೌದಿ ಇತ್ತಲ್ಲ." ಗೋರೆಗಾಂವ್ ಹತ್ತಿರ ನನಗೆ ವಾಂತಿಯಾಯಿತು. ಅವ್ವ ಆ ಮಾತು ನಿಲ್ಲಿಸಿದಳು.

ವಾಂತಿ ಎಂದರೆ ಒಳಗೆ ಮತ್ತೆ ರಕ್ತ ಬಂದಿರಬಹುದು. ಅಪ್ಪನಿಗೆ ಮೊದಲ ಸಲ ಡಾಕ್ಟರು ಹೇಳಿದ್ದನ್ನು ನಾನು ಆಮೇಲೆ ಕೇಳಿ ತಿಳಿದಿದ್ದೆ: ಬಹಳಷ್ಟು ಜನ ಉಳಿಯುತ್ತಾರೆ. ಬಹಳಷ್ಟು ಎಂಬ ಪದದೊಳಗೆ ಯಾರು ಇರುತ್ತಾರೆ, ಯಾರು ಹೊರಗೆ ಎಂದು ಲೆಕ್ಕ ಹೇಳುವುದಿಲ್ಲ. ನಾನು ಅದನ್ನೇ ಓದಿದವಳು. ಒಮ್ಮೆ ಒಳಗೆ ಬಿದ್ದಿದ್ದೆ, ಇನ್ನೊಮ್ಮೆ ಬೀಳುವ ಭರವಸೆ ಯಾವ ಸೂತ್ರದಲ್ಲೂ ಇಲ್ಲ.

ಕ್ಯಾಶುಯಲ್ಟಿಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಕಣ್ಣಿಗೆ ಟಾರ್ಚ್ ಬಿಟ್ಟರು. ಹೆಸರು ಕೇಳಿದರು. "ವಿದ್ಯಾ." ವಾರ ಕೇಳಿದರು. "ಭಾನುವಾರ." ಎಲ್ಲಿದ್ದೀರಿ ಎಂದರು.

"ಪಾರ್ಲೆ. ಪೂರ್ವವೋ ಪಶ್ಚಿಮವೋ ಬೇಕಾ?"

"ಇವರು ಯಾವಾಗಲೂ ಹೀಗೇನಾ?" ಎಂದು ಅವರು ಅವ್ವನನ್ನು ಕೇಳಿದರು.

"ಹೌದ್ರಿ," ಅಂದಳು ಅವ್ವ. ಅವಳ ದನಿಯಲ್ಲಿ ಮೊದಲ ಸಲ ಸ್ವಲ್ಪ ಗಾಳಿ ಬಂದಿತ್ತು.

ಸ್ಕ್ಯಾನ್ ಮುಗಿಸಿ ನನ್ನನ್ನು ಸ್ಟ್ರೆಚರ್ ಮೇಲೆ ಕಾರಿಡಾರಿನ ಗೋಡೆಗೆ ಸೇರಿಸಿ ನಿಲ್ಲಿಸಿದರು. ದೊಡ್ಡ ಡಾಕ್ಟರು ನೋಡಿ ಹೇಳುತ್ತಾರೆ ಎಂದರು. ನಾನು ಎಡಕ್ಕೆ ಮುಖಮಾಡಿ ಮಲಗಿದ್ದೆ. ಆ ಕಡೆ ಮೆಟ್ಟಿಲಿತ್ತು. ಮೂರನೆಯ ಮೆಟ್ಟಿಲ ಮೇಲೆ ಪ್ರಾಜಕ್ತಾ ಕೂತಿದ್ದಳು. ಟ್ರೇನ್ ಹಿಡಿದು ನಮಗಿಂತ ಮೊದಲೇ ಬಂದಿರಬೇಕು.

ಅವ್ವ ಅವಳನ್ನು ನೋಡಿದಳು. ನೋಡದಂತೆ ಸ್ವಲ್ಪ ಹೊತ್ತು ನಿಂತಳು. ಸ್ಕ್ಯಾನ್ ಕೋಣೆಯ ಬಾಗಿಲು ತೆರೆದು ಮುಚ್ಚಿತು, ಬೇರೆ ಯಾರನ್ನೋ ಕರೆದರು. ಕೊನೆಗೆ ಅವ್ವ ತನ್ನ ಚೀಲದಿಂದ ನೀರಿನ ಬಾಟಲಿ ತೆಗೆದು, ಮೆಟ್ಟಿಲ ತನಕ ಹೋಗಿ, ಮುಖ ನೋಡದೆ ಕೊಟ್ಟಳು. ಅವ್ವ ಪ್ರಾಜಕ್ತಾಳ ಜೊತೆ ಆಡುವ ಭಾಷೆಗೆ ಹೆಸರಿಲ್ಲ. ಅದರಲ್ಲಿ ವ್ಯವಹಾರವೆಲ್ಲ ಹಿಂದಿ, ಮರಾಠಿ. ಸಿಟ್ಟು ಮಾತ್ರ ಕನ್ನಡ.

"ಬ್ಯಾಡ ಅಂದ್ರೂ ಯಾಕ ಬಂದಿ?"

"ರಿಪೋರ್ಟ್ ಆಲಾ ಕಾ, ಕಾಕೂ?"

ರಿಪೋರ್ಟ್ ಬಂತಾ ಚಿಕ್ಕಮ್ಮ, ಎಂದು. ಪ್ರಾಜಕ್ತಾ ಬಾಟಲಿಯನ್ನು ಎಡಗೈಯಿಂದ ತೆಗೆದುಕೊಂಡಳು. ಮೊಣಕಾಲುಗಳ ನಡುವೆ ಸಿಕ್ಕಿಸಿ ಒಂದೇ ಕೈಯಿಂದ ಮುಚ್ಚಳ ತಿರುವಲು ನೋಡಿದಳು. ಬರಲಿಲ್ಲ. ಬಾಟಲಿ ಜಾರಿ ಮೆಟ್ಟಿಲಿಳಿದು ಉರುಳಿತು.

"ಆ ಕೈಗೇನಾಗೈತಿ?"

"ಕಾಹೀ ನಾಹೀ." ಏನಿಲ್ಲ.

"ತೆಗಿ."

ಅವಳು ತೆಗೆಯಲಿಲ್ಲ. ಅವ್ವ ಬಗ್ಗಿ ದುಪಟ್ಟಾ ಬಿಚ್ಚಿದಳು. ಕೈ ಪಾವ್ ಬ್ರೆಡ್ಡಿನ ಹಾಗೆ ಉಬ್ಬಿತ್ತು. ಹಿಂಬದಿಯಲ್ಲಿ ನೀಲಿಗಟ್ಟಿದ ಒಂದು ಅಡ್ಡಗೆರೆ, ಮಂಚದ ಕಾಲಿನ ಕಬ್ಬಿಣದ ಪಟ್ಟಿಯಷ್ಟೇ ಅಗಲ.

"ನೀಚೆ ಕಪ್ಡಾ ನಹೀಂ ಥಾ, ಕಾಕೂ," ಅಂದಳು ಪ್ರಾಜಕ್ತಾ. ಕೆಳಗೆ ಬಟ್ಟೆ ಇರಲಿಲ್ಲ.

ಅವ್ವ ಬಗ್ಗಿದ್ದ ಹಾಗೇ ನಿಂತಳು. ಅವಳ ಮನಸ್ಸಿನಲ್ಲಿ ನಡೆದದ್ದನ್ನು ನಾನು ದೂರದಿಂದಲೇ ನೋಡಬಹುದಿತ್ತು, ಯಾಕೆಂದರೆ ನನ್ನೊಳಗೂ ಅದೇ ನಡೆಯುತ್ತಿತ್ತು. ಕಪಾಟಿನ ಮೂಲೆ, ಅಡುಗೆಕಟ್ಟೆ, ಕಿಟಕಿ, ಮೇಜು. ಅವ್ವ ನಿಂತವಳ ಎತ್ತರಕ್ಕೆ ಮನೆಯನ್ನೆಲ್ಲ ಹೊದಿಸಿದ್ದಳು. ಬಿದ್ದವಳ ಎತ್ತರಕ್ಕೆ ಹೊದಿಸಿರಲಿಲ್ಲ. ನನ್ನ ತಲೆ ತಾಗಿದ್ದು ಕೌದಿಗಲ್ಲ. ಹಿಂದಿನಿಂದ ನನ್ನನ್ನು ದಾಟಿ ಹೋದದ್ದು ಪ್ರಾಜಕ್ತಾ. ಆ ಸಣ್ಣ ಕೋಣೆಯಲ್ಲಿ ಕಂಬಕ್ಕೆ ಹಾರುವ ಹಾಗೆ ಉದ್ದಕ್ಕೆ ಹಾರಿ, ನನ್ನ ತಲೆಗೂ ಮಂಚದ ಕಾಲಿಗೂ ನಡುವೆ ಅಂಗೈ ಇಟ್ಟಿದ್ದಳು.

ಅವ್ವ ತಪ್ಪಾಯಿತು ಎನ್ನಲಿಲ್ಲ. ಅವಳಿಗೆ ಆ ಮಾತು ಬರುವುದಿಲ್ಲ, ಯಾವ ಭಾಷೆಯಲ್ಲೂ. ಉರುಳಿಹೋದ ಬಾಟಲಿ ಎತ್ತಿ ತಂದು, ಮುಚ್ಚಳ ತೆಗೆದು, ಪ್ರಾಜಕ್ತಾಳ ಬಾಯಿಗೆ ಹಿಡಿದಳು. ಕುಡಿದ ಮೇಲೆ ಸೆರಗಿನಿಂದ ಅವಳ ಗದ್ದ ಒರೆಸಿದಳು, ಸ್ವಲ್ಪ ಒರಟಾಗಿಯೇ.

"ಇಷ್ಟೊತ್ತ ಬಾಯಿ ಮುಚಗೊಂಡ ಕುಂತೀಯಲ್ಲ. ನಿಂಗೂ ತಲ್ಯಾಗ ಎಲುಬಿಲ್ಲೇನ?"

ದೊಡ್ಡ ಡಾಕ್ಟರು ಹೊರಬಂದದ್ದು ಆಗಲೇ. ನನ್ನ ಹತ್ತಿರ ಬಂದು, ಅವ್ವ ಎಲ್ಲಿ ಎಂದು ನೋಡಿದರು. ನಾನು ಅವರ ತುಟಿಯನ್ನೇ ನೋಡುತ್ತಿದ್ದೆ. ಹೊಸದಾಗಿ ರಕ್ತ ಬಂದಿಲ್ಲ ಎಂದರು. ಬಾವು ಪೂರ್ತಿ ಇಳಿದಿದೆ, ಎಲುಬು ವಾಪಸ್ ಕೂರಿಸಲು ಮುಂದಿನ ವಾರ ಬನ್ನಿ ಎಂದರು. ಸಂಜೆಯವರೆಗೆ ಇಲ್ಲೇ ಇರಿ, ಮತ್ತೆ ವಾಂತಿಯಾಗದಿದ್ದರೆ ಮನೆಗೆ ಹೋಗಬಹುದು. ನಾನು ತಲೆಯಾಡಿಸಿದೆ. ಅವ್ವ ಮೆಟ್ಟಿಲಿನಿಂದಲೇ ಕೇಳಿಸಿಕೊಂಡಳು. ಅವಳ ಉಸಿರು ನನಗೆ ಅಲ್ಲಿಂದಲೇ ಕೇಳಿಸಿತು, ಅಥವಾ ಕೇಳಿಸಿತೆಂದು ಅಂದುಕೊಂಡೆ.

ಮರುಕ್ಷಣವೇ ಅವಳು ಪ್ರಾಜಕ್ತಾಳ ರಟ್ಟೆ ಹಿಡಿದು ಡಾಕ್ಟರ ಮುಂದೆ ತಂದು ನಿಲ್ಲಿಸಿದಳು. "ಸಾಹೇಬ್, ಇಸ್ಕಾ ಹಾಥ್."

"ನಾನು ತಲೆ ಡಾಕ್ಟರ್, ತಾಯಿ," ಎಂದರು ಅವರು. ಆದರೂ ನೋಡಿದರು, ತಾವೇ ಎಕ್ಸ್‌ರೇಗೆ ಬರೆದುಕೊಟ್ಟರು. ಅಂಗೈಯ ಎರಡು ಎಲುಬು ಮುರಿದಿದ್ದವು. ಪ್ಲಾಸ್ಟರ್ ಹಾಕಿಸುವಾಗ ಅವ್ವ ಜೊತೆಗಿದ್ದಳು. ರಾಜ್ಯ ತಂಡದ ಆಯ್ಕೆಯ ಮಾತನ್ನು ಯಾರೂ ಎತ್ತಲಿಲ್ಲ. ಆ ವರ್ಷದ ಮಟ್ಟಿಗೆ ಅದು ಮುಗಿದಿತ್ತು, ಅದು ಅವಳಿಗೂ ಗೊತ್ತಿತ್ತು.

ಚೆಂಬೂರಿನಿಂದ ಅಪ್ಪ ಓಡಿಬಂದರು. ಏನಾಯಿತೆಂದು ಕೇಳಿದಾಗ ಅವ್ವ ಹೇಳಿದ್ದು ಇಷ್ಟು: "ಹುಡುಗಿ ಬಿದ್ದಳು. ಈಕಿ ಹಿಡದಳು." ಪ್ರಾಜಕ್ತಾಳ ತಾಯಿ ವಿಮಾನ ನಿಲ್ದಾಣದಲ್ಲಿ ಸ್ವಚ್ಛತೆಯ ಕೆಲಸದವರು, ಆ ವಾರ ರಾತ್ರಿ ಪಾಳಿ. ಒಂದು ಕೈಯಲ್ಲಿ ಅವಳು ಒಬ್ಬಳೇ ಇರುವುದು ಬೇಡವೆಂದು ಅವ್ವ ಅವಳ ತಾಯಿಗೆ ಫೋನ್ ಮಾಡಿ, ಎಲ್ಲರನ್ನೂ ಒಂದೇ ಟ್ಯಾಕ್ಸಿಯಲ್ಲಿ ದಹಿಸರ್‌ಗೆ ಕರೆತಂದಳು. ಊಟಕ್ಕೆ ಕೂತಾಗ ಪ್ರಾಜಕ್ತಾಳಿಗೆ ಅವ್ವನೇ ತುತ್ತು ಕಲಸಿಕೊಟ್ಟಳು. ಎಡಗೈಯಲ್ಲಿ ಉಣ್ಣುವುದು ಅವ್ವನಿಗೆ ನೋಡಲಾಗುವುದಿಲ್ಲ.

ಎಲುಬು ಮುಂದಿನ ವಾರ ತನ್ನ ಜಾಗಕ್ಕೆ ಹೋಯಿತು. ಕೂತಿತು, ಸೋಂಕಾಗಲಿಲ್ಲ. ಅದರ ಮೇಲೆ ಈಗ ಕೂದಲು ಬೆಳೆದಿದೆ, ಬೆರಳಿಟ್ಟರೆ ಒಂದು ಏಣು ಮಾತ್ರ ಸಿಗುತ್ತದೆ. ಮತ್ತೆ ಮೈದಾನಕ್ಕೆ ಇಳಿಯಬೇಡಿ ಎಂದರು, ಇಳಿದಿಲ್ಲ. ಪದವಿ ಮುಗಿಸಿ ಕೆಲಸಕ್ಕೆ ಸೇರಿದ್ದೇನೆ. ದಣಿದ ದಿನ ಎಡಗೈ ಈಗಲೂ ಲೋಟ ಬಿಡುತ್ತದೆ. ಆ ಆಪರೇಷನ್ನಿನ ಬಗ್ಗೆ ಬರೆಯಬಹುದಾದದ್ದು ಇನ್ನೂ ಇದೆ, ಆದರೆ ಅದರಲ್ಲಿ ನಾನು ಮಾಡಿದ್ದೇನೂ ಇಲ್ಲ; ಮಲಗಿದ್ದೆ. ನನಗೆ ತಿರುವು ಬಂದದ್ದು ಅದಕ್ಕೂ ಮೊದಲು, ಆ ಭಾನುವಾರದ ಮರುದಿನ.

ಬೆಳಿಗ್ಗೆ ಅವ್ವ ಹೆಲ್ಮೆಟ್ಟಿಗೆ ಒಣಗಿದ ಅಸ್ತರು ಹಾಕಿ ನನ್ನ ತಲೆಗಿಟ್ಟು, ರೊಟ್ಟಿ ಬಡಿಯಲು ಹೋದಳು. ಪ್ರಾಜಕ್ತಾ ಕನ್ನಡಿಯ ಮುಂದೆ ನಿಂತು ಎಡಗೈಯಿಂದ ಕೂದಲು ಬಾಚಿಕೊಳ್ಳಲು ಪರದಾಡುತ್ತಿದ್ದಳು. ಸೊಂಟದವರೆಗಿನ ಕೂದಲು, ರಾತ್ರಿಯಿಡೀ ಸಿಕ್ಕುಗಟ್ಟಿತ್ತು. ಅವ್ವ ಅಡುಗೆಮನೆಯಿಂದಲೇ, "ತಡಿ, ನಾ ಜಡಿ ಹಾಕ್ತೀನಿ, ಹಿಟ್ಟಿನ ಕೈ ಐತಿ," ಎಂದಳು.

"ನಾನು ಹಾಕ್ತೀನಿ," ಅಂದೆ.

ಪ್ರಾಜಕ್ತಾ ನನ್ನ ಎಡಗೈ ನೋಡಿದಳು. ಬಂದು, ಮಂಚದ ಅಂಚಿನಲ್ಲಿ ಕೂತಿದ್ದ ನನ್ನ ಮುಂದೆ ನೆಲದ ಮೇಲೆ ಬೆನ್ನು ಮಾಡಿ ಕೂತಳು. ಸಿಕ್ಕು ಬಿಡಿಸುವುದು ಬಲಗೈಯ ಕೆಲಸ, ಅದಾಯಿತು. ಕೂದಲನ್ನು ಮೂರು ಪಾಲು ಮಾಡಿದೆ. ಒಂದನ್ನು ಎಡಗೈಗೆ ಕೊಟ್ಟೆ. ಬೆರಳುಗಳು ಮುಚ್ಚಿಕೊಳ್ಳಲು ತಡಮಾಡಿದವು, ಪಾಲು ಜಾರಿತು. ಮತ್ತೆ ಕೊಟ್ಟೆ. ಹಿಡಿದವು. ಎರಡು ಹೆಣಿಗೆ ಹಾಕುವಷ್ಟರಲ್ಲಿ ಹೆಬ್ಬೆರಳು ಬಿಟ್ಟುಬಿಟ್ಟಿತು, ಎಲ್ಲ ಬಿಚ್ಚಿಹೋಯಿತು. ಅವಳು ತಿರುಗಲಿಲ್ಲ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಅವ್ವ ಬಾಗಿಲಲ್ಲಿ ಹಿಟ್ಟಿನ ಕೈ ಎತ್ತಿ ಹಿಡಿದು ನಿಂತಿರುವುದು ಗೊತ್ತಾಗುತ್ತಿತ್ತು. ಒಳಗೆ ಬರಲಿಲ್ಲ.

ಮೂರನೆಯ ಸಲ ಜಡೆ ಕೆಳಗಿನವರೆಗೆ ಬಂತು. ರಬ್ಬರ್ ಬ್ಯಾಂಡ್ ಹಲ್ಲಿನಲ್ಲಿ ಹಿಡಿದಿದ್ದೆ, ಅದನ್ನು ಸುತ್ತಿದೆ. ಜಡೆ ಎಡಕ್ಕೆ ವಾಲಿತ್ತು, ಅಲ್ಲಲ್ಲಿ ಸಡಿಲವಿತ್ತು. ಪ್ರಾಜಕ್ತಾ ಪ್ಲಾಸ್ಟರ್ ಇಲ್ಲದ ಕೈಯಿಂದ ಅದನ್ನು ಮೇಲಿಂದ ಕೆಳಗಿನವರೆಗೆ ಸವರಿ ನೋಡಿದಳು.

"ಒಂದೇ ಜಡೇನಾ? ನಾನೇನು ಕಾಕೂನಾ?" ಎಂದು ಮರಾಠಿಯಲ್ಲಿ ಗೊಣಗಿದಳು. "ಎರಡು ಹಾಕು."

ನಾನು ರಬ್ಬರ್ ಬ್ಯಾಂಡ್ ತೆಗೆದು ಮತ್ತೆ ಹಲ್ಲಿನಲ್ಲಿ ಕಚ್ಚಿಕೊಂಡೆ. ಜಡೆ ಬಿಚ್ಚಿ, ನಡುನೆತ್ತಿಯಿಂದ ನೆಟ್ಟಗೆ ಬೈತಲೆ ತೆಗೆದು, ಎಡಗಡೆಯ ಜಡೆ ಮೊದಲು ಶುರು ಮಾಡಿದೆ.